ಜಾನುವಿಗೆ ಹೇಳಬೇಕಾದದ್ದು

ಕೊಳವಳ್ಳಿಯಿಂದ ಬೆಳಗ್ಗೆ ಹೊರಡುವ ಬತ್ತೇರಿ ಬಸ್ಸಿನಲ್ಲಿ, ಪುಲ್ಪಳ್ಳಿ ಇನ್ನೂ ಬಂದಿರಲಿಲ್ಲ, ಸುಶೀಲ ತನ್ನ ಸೀಟನ್ನು ಒಬ್ಬ ಮುದುಕನಿಗೆ ಬಿಟ್ಟುಕೊಟ್ಟಳು. ಆತ ಕೂತ, ಹೆಗಲ ಮೇಲಿನ ತೋರ್ತಿನಿಂದ ಮುಖ ಒರೆಸಿಕೊಂಡ, ಕಿಟಕಿಯಾಚೆ ನೋಡತೊಡಗಿದ. ಅಷ್ಟೇ. ಒಂದು ನಗೆಯಿಲ್ಲ, ಒಂದು ಸಲ ತಲೆಯಾಡಿಸಿದ್ದೂ ಇಲ್ಲ. ಅಷ್ಟಕ್ಕೇ ಅವಳ ಮುಖ ಚಿಕ್ಕದಾಯಿತು. ಅರವತ್ತು ದಾಟಿದವಳು, ಮೂವತ್ತು ವರ್ಷ ಅಂಗನವಾಡಿ ನಡೆಸಿ ಊರಿಗೆಲ್ಲ ಟೀಚರ್ ಅನ್ನಿಸಿಕೊಂಡವಳು, ಬಸ್ಸಿನ ಕಂಬ ಹಿಡಿದು ನಿಂತು, ಗುರುತಿಲ್ಲದ ಒಬ್ಬ ಮುದುಕ ತನ್ನತ್ತ ತಿರುಗಿಯಾನೆಂದು ಎರಡು ಸ್ಟಾಪಿನವರೆಗೂ ಕಾದಳು. ಆತ ನಿದ್ದೆ ಹೋದ. ಸೀಟು ಕೊಟ್ಟದ್ದು ಅವನು ಕೂರಲೆಂದೋ, ಅವನು ನನ್ನನ್ನು ನೋಡಲೆಂದೋ? ಬೇರೆ ದಿನವಾಗಿದ್ದರೆ ಇಂಥ ಪ್ರಶ್ನೆಯನ್ನು ಸುಶೀಲ ಹತ್ತಿರ ಬಿಟ್ಟುಕೊಳ್ಳುವ ಪೈಕಿಯವಳಲ್ಲ. ಇವತ್ತು ಅದು ಅವಳಿಗಿಂತ ಮೊದಲೇ ಬಸ್ಸು ಹತ್ತಿ ಕೂತಿತ್ತು.

ಎರಡು ಸೀಟು ಮುಂದೆ ಜಾನು ಮತ್ತು ಅವಳ ಮಗಳು ರಜಿಷ ಕೂತಿದ್ದರು. ಜಾನುವಿನ ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು, ಯಾರದೋ ಕೈಯನ್ನು ನೋಡಿಕೊಳ್ಳಲು ಇಟ್ಟುಕೊಂಡಂತೆ. ಈ ಸಲದ ಕಾಫಿ ಕೊಯ್ಲಿನಲ್ಲಿ ಆ ಕೈ ಮೇಲೆ ಏಳಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಸುಶೀಲನ ಮನೆಯ ಕಾಫಿ ಬಿಡಿಸಿದವಳು, ಗಿಡದ ತುದಿಯ ರೆಂಬೆಯನ್ನು ಬಗ್ಗಿಸಲಾರದೆ ಕೆಳಗಿನ ರೆಂಬೆಯಲ್ಲೇ ಕೈಯಾಡಿಸುತ್ತಿದ್ದಳು. ಅದನ್ನು ಮೊದಲು ಕಂಡದ್ದು ರಜಿಷ. ಹೋದ ವರ್ಷ ಅವಳು ಕಣ್ಣೂರಿನ ಹಾಸ್ಟೆಲಿನಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದಳು. ಈಗ ಊರಿನ ಶಾಲೆಯಲ್ಲಿ, ಮಲಯಾಳ ಹಿಡಿಯದೆ ಕಣ್ಣು ಕಣ್ಣು ಬಿಡುವ ತನ್ನವರ ಮಕ್ಕಳ ಜೊತೆ ಕೂತು ಪಾಠ ಹೇಳುವ ಕೆಲಸ ಸಿಕ್ಕಿದೆ. ಜಾನುವಿನ ಕಾಲೊನಿಯ ಕಾಟುನಾಯ್ಕ ಆದಿವಾಸಿಗಳ ಮಾತು ನಮ್ಮ ಕನ್ನಡಕ್ಕೆ ಹತ್ತಿರ. ಸುಶೀಲನಂಥ ಜೈನರ ಮನೆಗಳಲ್ಲಿ ಆಡುವುದೂ ಕನ್ನಡವೇ. ಶಾಲೆ, ಕಚೇರಿ, ಆಸ್ಪತ್ರೆಗಳದ್ದು ಮಾತ್ರ ಮಲಯಾಳ. ಹಾಗಾಗಿ ಕಾಲೊನಿಯವರಿಗೆ ಹೊರಗಿನ ಕೆಲಸ ಬಿದ್ದಾಗಲೆಲ್ಲ ಟೀಚರ್ ಬೇಕಾಗುತ್ತಿತ್ತು. ರೇಷನ್ ಕಾರ್ಡಿಗೆ ಟೀಚರ್, ಜಾತಿ ಸರ್ಟಿಫಿಕೇಟಿಗೆ ಟೀಚರ್, ಡಾಕ್ಟರ ಮುಂದೆ ಕೂರಲು ಟೀಚರ್. ಆಚೆಯ ಮಾತನ್ನು ಈಚೆಗೆ, ಈಚೆಯದನ್ನು ಆಚೆಗೆ ದಾಟಿಸಿ ದಾಟಿಸಿ ಅವಳಿಗೆ ಒಂದು ಹೆಸರು ಬಂದಿತ್ತು. ಆ ಹೆಸರನ್ನು ಅವಳು ಒಳ್ಳೆಯ ಸೀರೆಯ ಹಾಗೆ ಕಾಪಾಡಿಕೊಂಡಿದ್ದಳು.

"ಟೀಚರ್, ಹೋದ ವರ್ಷದ ಆಶುಪತ್ರಿ ಚೀಟಿ ನಿಮ್ಮತ್ರ ಐತಂತೆ. ಅವ್ವ ಅಂದ್ಲು," ಎಂದು ನಿನ್ನೆ ಸಂಜೆ ರಜಿಷ ಅಂಗಳದಲ್ಲಿ ನಿಂತು ಕೇಳಿದ್ದಳು. "ನಾಳೆ ತಗೊಂಬನ್ನಿ. ನೀವಿಲ್ದೆ ಬರಲ್ಲ ಅಂತ ಅವ್ವ ಹಟ ಹಿಡ್ದವ್ಳೆ."

ಇದೆ ಎಂದಿದ್ದಳು ಸುಶೀಲ. ಇತ್ತು ಕೂಡ, ಬೀರುವಿನಲ್ಲಿ, ಮದುವೆ ಫೋಟೋಗಳ ಅಡಿಯಲ್ಲಿ. ಈಗ ಅದು ಅವಳ ಹೆಗಲ ಚೀಲದಲ್ಲಿ, ಇಡ್ಲಿ ಡಬ್ಬಿಯ ಪಕ್ಕ, ನಾಲ್ಕು ಮಡಿಕೆಯಾಗಿ ಕೂತಿತ್ತು. ಅದರಲ್ಲಿ ಹೋದ ವರ್ಷದ ಡಾಕ್ಟರು ಮೂರು ಸಾಲು ಬರೆದಿದ್ದಾರೆ. ರಜಿಷ ಓದಿದರೆ ಆಯಿತು, ಮೂವತ್ತು ವರ್ಷದ ಹೆಸರು ಮೂರು ಸಾಲಿಗೆ ಮುಗಿಯುತ್ತದೆ. ಬಸ್ಸಿನ ಕಿಟಕಿಯಿಂದ ಒಂದು ಕಾಗದ ಹಾರಿಹೋಗುವುದು ಏನು ಮಹಾ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ ಕೂಡಲೇ ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದಳು. ಆಗಲೇ ಜಾನು ಹಿಂದಕ್ಕೆ ತಿರುಗಿ, "ಟೀಚರಮ್ಮ, ನೀವ್ಯಾಕೆ ನಿಂತ್ಕಂಡ್ರಿ? ಬನ್ನಿ, ಇಲ್ಲಿ ಕುಂತ್ಕಳಿ, ನಾನ್ ಎದ್ದೇಳ್ತೀನಿ," ಎಂದಳು. ಏಳುವುದಕ್ಕೆ ಬಲಗೈಯಿಂದ ಮುಂದಿನ ಸೀಟನ್ನು ಹಿಡಿದೂ ಬಿಟ್ಟಳು. ಬೇಡ ಬೇಡ ಎಂದು ಸುಶೀಲ ಗಟ್ಟಿಯಾಗಿ, ಅಕ್ಕಪಕ್ಕದವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

ಹೋದ ವರ್ಷ ವಿಷು ಹಬ್ಬಕ್ಕೆ ಹದಿನೈದು ದಿನ ಇರುವಾಗ ಇದೇ ಬಸ್ಸು, ಇದೇ ದಾರಿ. ಜಾನು ನಾಚಿಕೊಂಡು ನಾಚಿಕೊಂಡು ಎದೆಯಲ್ಲೊಂದು ಗಂಟು ಎಂದಿದ್ದಳು. ಸುಶೀಲನೇ ಗದರಿಸಿ ಕರೆದುಕೊಂಡು ಬಂದಿದ್ದಳು. ಡಾಕ್ಟರು ನಿಧಿನ್ ಎಂಬ ಹುಡುಗಪ್ರಾಯದವರು, ತೆಂಕಣ ಕಡೆಯ ಮಲಯಾಳ, ಇಂಗ್ಲಿಷ್ ಬೆರೆಸಿ ಜೋರು ಜೋರಾಗಿ ಓಡುವ ಮಾತು. ಪರೀಕ್ಷೆ ಮುಗಿಸಿ, ಕೈ ತೊಳೆದು, ಸುಶೀಲನ ಕಡೆಗೇ ಕುರ್ಚಿ ತಿರುಗಿಸಿ ಕೂತು ಹೇಳಿದರು. ಗಂಟು ಚಿಕ್ಕದು, ಆದರೆ ಬರೀ ಗಂಟಲ್ಲವೆಂದು ನನ್ನ ಅನುಮಾನ. ಕಂಕುಳಿಗೆ ಹರಡಿದಂತೆ ಕಾಣುವುದಿಲ್ಲ. ಎರಡು ವಾರದೊಳಗೆ ಮೆಡಿಕಲ್ ಕಾಲೇಜಿಗೆ ಹೋಗಬೇಕು, ಕೋಝಿಕ್ಕೋಡಿಗೆ. ಅದೇ ಆಗಿದ್ದರೆ ಒಂದು ಆಪರೇಶನ್. ಈಗಲೇ ಹೋದರೆ ವಾಸಿಯಾಗುವ ಕಾಯಿಲೆ ಇದು, ಟೀಚರ್, ಬಹಳಷ್ಟು ಮಂದಿಗೆ ವಾಸಿಯಾಗಿದೆ. ಮೆಡಿಕಲ್ ಕಾಲೇಜು ಅಂದರೆ ಇವರು ಹೆದರಿ ಕಾಡು ಸೇರಿಬಿಡುತ್ತಾರೆ, ನೀವು ಬಿಡಿಸಿ ಹೇಳಿ, ನಿಮ್ಮ ಮಾತು ಕೇಳುತ್ತಾರೆ. ಇಷ್ಟನ್ನೂ ಸುಶೀಲ ತಲೆಯಾಡಿಸುತ್ತ ಕೇಳಿಸಿಕೊಂಡಳು. ಜಾನು ಡಾಕ್ಟರ ಮುಖ ನೋಡುತ್ತಲೇ ಇರಲಿಲ್ಲ, ಸುಶೀಲನ ಮುಖವನ್ನೇ ನೋಡುತ್ತಿದ್ದಳು. ಪುಟ್ಟ ಮಕ್ಕಳು ಬಿದ್ದಾಗ, ಅಳಬೇಕೋ ಬೇಡವೋ ಎಂದು ತಿಳಿಯಲು ದೊಡ್ಡವರ ಮುಖ ನೋಡುತ್ತವಲ್ಲ, ಹಾಗೆ.

"ಏನಂತೆ ಟೀಚರಮ್ಮ?"

"ಏನೂ ಇಲ್ಲ ಕಣೆ. ನೀರುಗಂಟಂತೆ. ಮಾತ್ರೆ ಬರೆದುಕೊಟ್ಟಿದ್ದಾರೆ."

ಮಾತ್ರೆ ಬರೆದುಕೊಟ್ಟದ್ದೇನೋ ನಿಜ. ರಕ್ತ ಕಡಿಮೆಯಿದೆಯೆಂದು ಕಬ್ಬಿಣದ ಮಾತ್ರೆ. ಜಾನು ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳ ಕೈ ಬಂದು ಸುಶೀಲನ ಕೈಯನ್ನು ಒತ್ತಿತು. "ನೀವಿದ್ರಲ್ಲ, ನಂಗ್ಯಾಕೆ ಹೆದ್ರಿಕೆ," ಎಂದಳು. ಆ ಒಂದು ಗಳಿಗೆ ಎಷ್ಟು ಹಿತವಾಗಿತ್ತೆಂದರೆ, ಸುಶೀಲನಿಗೆ ತಾನು ಸುಳ್ಳು ಹೇಳಿದ್ದೇ ಮರೆತುಹೋಯಿತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಇಬ್ಬರೂ ಚಹಾ ಕುಡಿದರು. ಊರಿಗೆ ಹೋದ ಮೇಲೆ, ಮನೆಯಲ್ಲಿ ಕೂರಿಸಿ, ಊಟ ಹಾಕಿ, ಮೆಲ್ಲಗೆ ಹೇಳೋಣ ಎಂದುಕೊಂಡಳು. ಊರಿಗೆ ಹೋದಾಗ ಜಾನುವಿಗೆ ಸುಸ್ತಾಗಿತ್ತು. ನಾಳೆ ಹೇಳೋಣ. ನಾಳೆ ಅವಳು ಕಾಡಿಗೆ ಸೌದೆಗೆ ಹೋಗಿದ್ದಳು. ವಿಷು ಮುಗಿಯಲಿ, ಹಬ್ಬದ ಹೊತ್ತಿಗೆ ಇಂಥ ಮಾತು ಯಾಕೆ. ವಿಷು ಮುಗಿಯಿತು. ಪ್ರತಿ ಸಲವೂ ಕಾರಣ ತಾನಾಗಿ ಬಂದು ಬಾಗಿಲು ತಟ್ಟುತ್ತಿತ್ತು, ಪ್ರತಿ ಸಲವೂ ಸುಶೀಲ ಅದನ್ನು ಒಳಗೆ ಕರೆದು ಕೂರಿಸಿದಳು. ಪಾಪ, ಇರುವಷ್ಟು ದಿನ ನೆಮ್ಮದಿಯಾಗಿರಲಿ ಎಂದು ಕೂಡ ಒಮ್ಮೆ ಅಂದುಕೊಂಡಳು. ಡಾಕ್ಟರು ವಾಸಿಯಾಗುತ್ತದೆ ಎಂದದ್ದು ಆಗ ನೆನಪಿಗೆ ಬರಲೇ ಇಲ್ಲ. ಮಳೆಗಾಲದಲ್ಲಿ ಚುರದ ಘಾಟಿ ರಸ್ತೆಯಲ್ಲಿ ಮಣ್ಣು ಕುಸಿದು ಕೋಝಿಕ್ಕೋಡಿನ ದಾರಿ ನಾಲ್ಕು ದಿನ ಕಟ್ಟಿಹೋಯಿತೆಂದು ಟೀವಿಯಲ್ಲಿ ತೋರಿಸಿದರು. ಮನೆಯವರೆಲ್ಲ ಅಯ್ಯೋ ಎನ್ನುತ್ತಿರುವಾಗ ಸುಶೀಲನ ಎದೆ ಹಗುರವಾಯಿತು. ಹೇಳಿದ್ದರೂ ಈಗ ಹೋಗಲಿಕ್ಕೆ ಆಗುತ್ತಿರಲಿಲ್ಲವಲ್ಲ. ಆ ಹಗುರವನ್ನು ನೆನೆದರೆ ಈಗಲೂ ಅವಳಿಗೆ ತನ್ನ ಮೇಲೆ ಹೇಸಿಗೆಯಾಗುತ್ತದೆ.

ಮಳೆ ನಿಂತ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಈಗ ಕಾಯಿಲೆಯೊಂದನ್ನೇ ಹೇಳಿದರೆ ಸಾಲದು, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕು. ಯಾಕೆ? ಅದು ಅವಳಿಗೇ ತಿಳಿಯದು. ಕೆಟ್ಟ ಸುದ್ದಿ ನನ್ನ ಬಾಯಿಂದ ಬರಬಾರದು, ಅಷ್ಟೇ. ಬರಲಿ, ನರ್ಸಿನ ಬಾಯಿಂದ ಬರಲಿ, ಬೇರೆ ಯಾರ ಬಾಯಿಂದಲಾದರೂ ಬರಲಿ, ನಾನು ಮಾತ್ರ ಹಿಂದಿನಿಂದ ಹೋಗಿ ಬೆನ್ನು ಸವರುವವಳಾಗಿರಬೇಕು. ಹೇಳಲಾಗದ ಮಾತಿನ ಬದಲಿಗೆ ಅವಳು ಹಾಲು ಕಳಿಸಿದಳು. ಆಸ್ಪತ್ರೆಯಿಂದ ಬಂದ ಮಾರನೆಯ ದಿನದಿಂದಲೇ, ಮನೆಯ ಒಂದೇ ಹಸುವಿನ ಹಾಲಿನಲ್ಲಿ ಅರ್ಧ ಲೀಟರು ದಿನವೂ ಜಾನುವಿನ ಮನೆಗೆ. ಒಂದು ದಿನವೂ ತಪ್ಪಲಿಲ್ಲ. ಗಂಡ ಜಿನಚಂದ್ರ, ತಮಾಷೆಯ ಮನುಷ್ಯ, "ಹಸು ನಮ್ಮದೋ ಜಾನುವಿನದೋ ಒಂದು ಸಲ ಪಂಚಾಯ್ತಿಯಲ್ಲಿ ಕೇಳಿಕೊಂಡು ಬಾ, ಸುಶೀಲ. ನನಗೆ ಕಪ್ಪು ಕಾಫಿಯೇ ಗತಿಯಾಯಿತು," ಎನ್ನುತ್ತಿದ್ದ. ಆದರೆ ಪೇಟೆಯಲ್ಲಿ ಸಿಕ್ಕವರ ಮುಂದೆ ಹೆಂಡತಿಯ ಈ ಹಾಲಿನ ಸುದ್ದಿಯನ್ನು ಅವನೇ ಹೆಮ್ಮೆಯಿಂದ ಎತ್ತುತ್ತಿದ್ದ. ಎಂಥ ಮನಸ್ಸು ಎಂದು ಅವರು ಹೇಳಿದ್ದು ತಿರುಗಿ ಸುಶೀಲನ ಕಿವಿಗೆ ಬರುತ್ತಿತ್ತು. ಅವಳು ಬೇಡವೆನ್ನಲಿಲ್ಲ.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂತು. ಅವತ್ತು ಜೈನರ ಮನೆಗಳಲ್ಲಿ ಎಲ್ಲರೂ ಎಲ್ಲರ ಹತ್ತಿರ ಕ್ಷಮೆ ಕೇಳುವುದು ರೂಢಿ. ತಿಳಿದು ಮಾಡಿದ್ದು, ತಿಳಿಯದೆ ಮಾಡಿದ್ದು, ಮನಸ್ಸಿನಿಂದ, ಮಾತಿನಿಂದ, ಕೈಯಿಂದ ಆದ ನೋವು, ಎಲ್ಲದಕ್ಕೂ. ದೊಡ್ಡವರು ಚಿಕ್ಕವರ ಹತ್ತಿರ, ಮನೆಯವರು ಕೆಲಸದವರ ಹತ್ತಿರ. ಪ್ರತಿ ವರ್ಷ ಸುಶೀಲ ಜಾನುವಿಗೂ ಕೈ ಮುಗಿಯುತ್ತಿದ್ದಳು, ಜಾನು ಕಿಸಕ್ಕನೆ ನಕ್ಕು ಓಡುತ್ತಿದ್ದಳು. ಹೋದ ವರ್ಷ ಮಾತ್ರ ಓಡಲು ಬಿಡಲಿಲ್ಲ. ಅವಳ ಎರಡೂ ಕೈ ಹಿಡಿದುಕೊಂಡು, ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸಿಬಿಡೇ ಎಂದು ಬಿಕ್ಕಿ ಬಿಕ್ಕಿ ಅತ್ತಳು. ಜಾನು ಗಾಬರಿಯಾಗಿ ನಿಂತಳು. "ಶರಿ ಟೀಚರಮ್ಮ, ಶರಿ. ಏನೂ ತಪ್ಪಿಲ್ಲ," ಎಂದಳು. ಆ ಒಂದು ವಾರ ಸುಶೀಲನಿಗೆ ಒಳ್ಳೆಯ ನಿದ್ದೆ ಬಂತು. ಯಾವುದಕ್ಕೆ ಕ್ಷಮೆ ಎಂದು ಹೇಳದೆ ಕೇಳಿದ ಕ್ಷಮೆ ಯಾವ ಲೆಕ್ಕಕ್ಕೂ ಬರುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಂದ ನಿದ್ದೆಯನ್ನು ಬಿಡಲಿಲ್ಲ.

ಬತ್ತೇರಿಯ ಆಸ್ಪತ್ರೆಯಲ್ಲಿ ಜನವೋ ಜನ. ರಜಿಷ ಟೋಕನ್ ತೆಗೆದು, ಅವ್ವನಿಗೆ ಬೆಂಚಿನಲ್ಲಿ ಜಾಗ ಮಾಡಿಸಿ, ನೀರಿನ ಬಾಟಲಿ ಕೈಗೆ ಕೊಟ್ಟಳು. ಎಲ್ಲವನ್ನೂ ಒಂದು ಮಾತಿಲ್ಲದೆ ಮಾಡಿದಳು. ಹಿಂದೆ ಈ ಕೆಲಸಗಳೆಲ್ಲ ಸುಶೀಲನವು. ಈಗ ಅವಳು ಚೀಲ ಹಿಡಿದು ಪಕ್ಕದಲ್ಲಿ ನಿಂತವಳು. ಇಡ್ಲಿ ತಿನ್ನಿ ಎಂದಳು, ಆಮೇಲೆ ಎಂದರು. ಗುರುತಿನ ನರ್ಸ್ ನಳಿನಿ ಹಾದುಹೋಗುತ್ತ "ಟೀಚರ್, ಇನ್ನೂ ನಿಮ್ಮ ಸೇವೆ ನಿಂತಿಲ್ಲವಾ?" ಎಂದು ನಕ್ಕಾಗ ಸುಶೀಲನಿಗೆ ಎಂದಿನ ಹಿಗ್ಗು ಬಂತು, ಬಂದಷ್ಟೇ ಬೇಗ ಕಹಿಯಾಯಿತು. ರಜಿಷ ಕೈ ಚಾಚಿದಳು.

"ಟೀಚರ್, ಚೀಟಿ?"

ಸುಶೀಲ ಚೀಲದೊಳಗೆ ಕೈಹಾಕಿದಳು. ಬೆರಳಿಗೆ ಕಾಗದದ ಅಂಚು ಸಿಕ್ಕಿತು. ಇಡ್ಲಿ ಡಬ್ಬಿ ಸರಿಸಿದಳು, ಪರ್ಸು ತೆರೆದಳು, ಕೊಡೆ ಹೊರಗೆ ತೆಗೆದು ಮತ್ತೆ ಒಳಗಿಟ್ಟಳು. ತಾನು ಹುಡುಕುವ ನಾಟಕವನ್ನು ಇಷ್ಟು ಚೆನ್ನಾಗಿ ಆಡಬಲ್ಲೆನೆಂದು ಅವಳಿಗೇ ಆಶ್ಚರ್ಯವಾಯಿತು. "ಅಯ್ಯೋ ರಜಿಷ, ಮೇಜಿನ ಮೇಲೇ ಬಿಟ್ಟುಬಂದೆ ಅಂತ ಕಾಣತ್ತೆ. ವಯಸ್ಸಾಯಿತು ನೋಡು."

"ಶರಿ ಬಿಡಿ ಟೀಚರ್. ಈಗೆಲ್ಲ ಕಂಪ್ಯೂಟರಿನಾಗೆ ಇರ್ತದೆ. ನಂಬರ್ ಹೇಳಿದ್ರೆ ಹಳೇದೆಲ್ಲ ಬರ್ತದೆ," ಎಂದಳು ರಜಿಷ. ಅವಳ ಮುಖದಲ್ಲಿ ಅನುಮಾನದ ಸುಳಿವೇ ಇರಲಿಲ್ಲ. ನಾಲ್ಕು ವರ್ಷದವಳಿದ್ದಾಗ ಅಂಗನವಾಡಿಯ ಬಾಗಿಲಲ್ಲಿ, ಒಂದಕ್ಷರ ಮಲಯಾಳ ಬಾರದೆ, ಸುಶೀಲ "ಬಾ ಕೂಸೆ" ಎಂದು ಕರೆದ ಕೂಡಲೇ ಬಂದು ಮಡಿಲಲ್ಲಿ ಕೂತ ಮುಖ ಅದೇ. ಸುಶೀಲ ಎರಡು ಹೆಜ್ಜೆ ಹಿಂದೆ ಸರಿದಳು. ಗೋಡೆಗೆ ಒರಗಿ ನಿಂತಳು.

ಒಳಗೆ ಇದ್ದದ್ದು ಬೇರೆ ಡಾಕ್ಟರು, ಅನಘ ಎಂದು, ನಡುವಯಸ್ಸಿನ ಹೆಂಗಸು. ಪರದೆಯ ಹಿಂದೆ ಜಾನುವನ್ನು ಪರೀಕ್ಷೆ ಮಾಡಿ ಬಂದು, ಕಂಪ್ಯೂಟರಿನ ಮುಂದೆ ಕೂತು, ಸ್ವಲ್ಪ ಹೊತ್ತು ಓದಿದರು. ಓದುತ್ತ ಓದುತ್ತ ಅವರ ಹುಬ್ಬು ಗಂಟಾಯಿತು. ಸುಶೀಲ ಅಭ್ಯಾಸಬಲದಿಂದ ಮುಂದಿನ ಕುರ್ಚಿಗೆ ಕೈಹಾಕಿದ್ದಳು. ಡಾಕ್ಟರು ರಜಿಷಳನ್ನು ನೋಡಿ, ಮಗಳು ನೀವೇ ತಾನೇ, ಕೂತುಕೊಳ್ಳಿ ಎಂದರು. ಸುಶೀಲ ಕುರ್ಚಿ ಬಿಟ್ಟಳು. ಈ ಸೀಟು ಬಿಟ್ಟುಕೊಟ್ಟದ್ದಕ್ಕೂ ಯಾರೂ ಅವಳತ್ತ ನೋಡಲಿಲ್ಲ.

ಡಾಕ್ಟರು ಮಲಯಾಳದಲ್ಲಿ ಒಂದೊಂದೇ ವಾಕ್ಯ ಹೇಳಿ ನಿಲ್ಲಿಸಿದರು. ರಜಿಷ ಒಂದೊಂದನ್ನೇ ಅವ್ವನ ಕಡೆ ತಿರುಗಿ ಹೇಳಿದಳು. "ಅವ್ವ, ಇದು ಕ್ಯಾನ್ಸರ್ ಅಂತ ಅವ್ರಿಗೆ ಅನ್ನಿಸ್ತದೆ. ಎದೆಯಿಂದ ಕಂಕುಳಿಗೆ ಹೋಗೈತೆ. ಎಲುಬಿಗೂ ಹೋಗಿರಬೌದು, ಸ್ಕ್ಯಾನ್ ಮಾಡಿ ನೋಡ್ಬೇಕು. ಪೂರಾ ವಾಸಿ ಆಗದು ಕಷ್ಟ ಅಂತಾರೆ. ಮದ್ದು ಮಾಡಿದ್ರೆ ನೋವು ಕಮ್ಮಿ ಆಯ್ತದೆ, ದಿವ್ಸ ಹೆಚ್ಚಾಯ್ತದೆ." ಅವಳ ದನಿ ಎರಡು ಕಡೆ ಒಡೆಯಿತು. ಆದರೂ ಒಂದು ಮಾತನ್ನೂ ನುಂಗಲಿಲ್ಲ, ಒಂದಕ್ಕೂ ಬೆಲ್ಲ ಹಚ್ಚಲಿಲ್ಲ. ಜಾನುವನ್ನು ಹಿಡಿದುಕೊಳ್ಳಲು ಸುಶೀಲ ಒಂದು ಹೆಜ್ಜೆ ಮುಂದೆ ಬಂದಳು. ಈಗ ಜಾನು ಕುಸಿಯುತ್ತಾಳೆ, ಈಗ ಕಿರುಚುತ್ತಾಳೆ, ಈಗ ಎದ್ದು ಓಡುತ್ತಾಳೆ. ಜಾನು ಕುಸಿಯಲಿಲ್ಲ. ಸೆರಗು ಸರಿಮಾಡಿಕೊಂಡಳು. ವೇದನೆ ಎಲ್ಲಿಯವರೆಗೆ ಬರುತ್ತದೆ ಕೇಳು ಎಂದಳು ಮಗಳಿಗೆ. ಕೈ ಮತ್ತೆ ಎತ್ತಲಿಕ್ಕಾಗುತ್ತದಾ ಕೇಳು. ಕೋಝಿಕ್ಕೋಡಿನಲ್ಲಿ ಜೊತೆಗೆ ಒಬ್ಬರು ಇರಬಹುದಾ ಕೇಳು. ಬಿತ್ತನೆಗೆ ಮೊದಲು ಎಷ್ಟು ಮಳೆ ಬಿದ್ದರೆ ಸಾಕು ಎಂದು ಕೇಳುವಂಥ ದನಿ. ಒಬ್ಬ ಹೆಂಗಸಿಗೆ ತನ್ನ ಮೈಯ ಸುದ್ದಿಯನ್ನು ತಾನು ಕೇಳಿಸಿಕೊಳ್ಳುವ ಶಕ್ತಿ ಇರಬಹುದೆಂದು ಹನ್ನೊಂದು ತಿಂಗಳಲ್ಲಿ ಒಮ್ಮೆಯೂ ತನಗೆ ಹೊಳೆಯಲಿಲ್ಲವಲ್ಲ ಎಂದು ಸುಶೀಲ ನಿಂತಲ್ಲೇ ನಾಚಿದಳು.

ಆಮೇಲೆ ಡಾಕ್ಟರು ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದರು. ಹೋದ ವರ್ಷವೇ ಮೆಡಿಕಲ್ ಕಾಲೇಜಿಗೆ ಹೋಗಿ ಎಂದು ಬರೆದಿದೆ, ಯಾಕೆ ಹೋಗಲಿಲ್ಲ, ಯಾರೂ ಹೇಳಲಿಲ್ಲವಾ ಎಂದು ಕೇಳಿದರು. ರಜಿಷ ಪರದೆಯನ್ನೇ ನೋಡುತ್ತ ಕೂತಳು. ನಿಧಾನವಾಗಿ ಅವ್ವನ ಕಡೆ ತಿರುಗಿದಳು. "ಅವ್ವ, ಹೋದ ವರ್ಷವೇ ಹೋಗ್ಬೇಕು ಅಂತ ಬರ್ದವ್ರೆ. ನಿಂಗೆ ಯಾರೂ ಹೇಳ್ಲಿಲ್ವಾ ಅಂತ ಕೇಳ್ತಾರೆ."

ಸುಶೀಲ ಬಾಗಿಲ ಕಡೆ ನೋಡಿದಳು.

"ಹೇಳಿದ್ರು," ಎಂದಳು ಜಾನು. "ಟೀಚರಮ್ಮ ಎಲ್ಲಾ ಹೇಳಿದ್ರು. ನಾನೇ ಹೋಗ್ಲಿಲ್ಲ."

"ಯಾಕವ್ವ?" ರಜಿಷ ಅಲ್ಲೇ, ಡಾಕ್ಟರ ಮುಂದೆಯೇ, ಅವ್ವನ ತೋಳು ಹಿಡಿದು ಅಲುಗಿಸಿದಳು. "ಯಾಕೆ ಹೋಗ್ಲಿಲ್ಲ? ನಂಗ್ಯಾಕೆ ಹೇಳ್ಲಿಲ್ಲ? ಬುದ್ಧಿ ಐತಾ ನಿಂಗೆ?" ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಬಯ್ಯುತ್ತಿತ್ತು. ಜಾನು ತಲೆ ತಗ್ಗಿಸಿ ಬಯ್ಗುಳ ತಿಂದಳು. ಸುಶೀಲ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ವಾಕ್ಯ ಮಲಯಾಳದಲ್ಲೂ ಬಂತು, ಕನ್ನಡದಲ್ಲೂ ಬಂತು, ಎರಡೂ ನಾಲಗೆಯ ಮೇಲೆ ಕೂತವು, ಎರಡೂ ಇಳಿಯಲಿಲ್ಲ. ರಜಿಷ ಅವ್ವನ ಉತ್ತರವನ್ನು ಮಲಯಾಳಕ್ಕೆ ದಾಟಿಸಿದಾಗ ಡಾಕ್ಟರು ಸುಶೀಲನತ್ತ ನೋಡಿ, ನೀವು ಹೇಳುವಷ್ಟು ಹೇಳಿದ್ದೀರಿ ಟೀಚರ್, ಕೇಳದಿದ್ದರೆ ಏನು ಮಾಡಲಿಕ್ಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ ಎಂದರು. ಸುಶೀಲ ತಲೆ ಬಾಗಿಸಿದಳು. ಅದನ್ನು ಅವರು ದುಃಖವೆಂದು ತಿಳಿದರು.

ಹೊರಗೆ ಆವರಣದಲ್ಲಿ ಒಂದು ಹಲಸಿನ ಮರ, ಅದರ ಕೆಳಗೆ ಸಿಮೆಂಟಿನ ಬೆಂಚು. ರಜಿಷ ಇಬ್ಬರನ್ನೂ ಅಲ್ಲಿ ಕೂರಿಸಿ, ಔಷಧಿಯ ಸಾಲಿನಲ್ಲಿ ನಿಲ್ಲಲು ಹೋದಳು. ಹೋಗುವಾಗ ಅವ್ವನ ಮುಖ ನೋಡಲಿಲ್ಲ. "ಟೀಚರ್, ಒಂಚೂರು ನೋಡ್ಕಳಿ," ಎಂದು ಸುಶೀಲನಿಗೆ ಹೇಳಿದಳು. ಅವಳು ಕಣ್ಮರೆಯಾಗುವ ತನಕ ಸುಶೀಲ ಕಾದಳು.

"ಯಾಕೆ ಹಾಗಂದೆ, ಜಾನು? ನಾನು ಹೇಳಿರಲಿಲ್ಲವಲ್ಲ."

"ಹೂಂ. ಹೇಳಿರ್ಲಿಲ್ಲ." ಜಾನು ಎಡಗೈಯನ್ನು ಬಲಗೈಯಿಂದ ಎತ್ತಿ ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡಳು. "ಅಷ್ಟು ಜನ್ರ ಮುಂದೆ ನಿಮ್ ಮಾನ ಯಾಕೆ ತೆಗೆಯದು. ನಂಗೆ ಗೊತ್ತಿತ್ತು ಟೀಚರಮ್ಮ. ಆ ಹುಡ್ಗ ಡಾಕ್ಟ್ರು ಮೆಡಿಕಲ್ ಕಾಲೇಜ್ ಅಂತ ಎರಡ್ ಸಲ ಅಂದ್ರು. ಕೋಝಿಕ್ಕೋಡ್ ಅಂದ್ರು. ದೊಡ್ಡ ಕಾಯ್ಲೆ ಅಂತ ಅಷ್ಟೂ ತಿಳಿಯಲ್ವಾ ನಂಗೆ? ನಮ್ ಕಾಲೊನೀಲಿ ಈಗ್ತಾನೆ ಮಾತು ಕಲಿಯೋ ಕೂಸಿಗೂ ತಿಳೀತದೆ."

"ತಿಳಿದಿದ್ದರೆ ಕೇಳಬೇಕಿತ್ತಲ್ಲೇ! ಒಂದು ಮಾತು ಕೇಳಬೇಕಿತ್ತಲ್ಲೇ!"

"ಏನ್ ಕೇಳದು? ಕೂಸಿಗೆ ಕೆಮ್ಮು ಬಂದ್ರೆ ಆಶುಪತ್ರಿಗೆ ಹೋಗು ಹೋಗು ಅಂತ ಮೂರ್ ಮೂರ್ ಸಲ ಬಾಗ್ಲಿಗೆ ಬರೋರು ನೀವು. ಅಂತೋರು ನಂಗೆ ಕೋಝಿಕ್ಕೋಡಿಗೆ ಹೋಗು ಅನ್ನಲಿಲ್ಲ. ಸುಮ್ನಿದ್ರಿ. ಓ, ಇನ್ನ ಹೋಗಿ ಉಪಯೋಗ ಇಲ್ಲ, ಅದ್ಕೇ ಟೀಚರಮ್ಮ ಹೇಳ್ತಿಲ್ಲ, ಅಂದ್ಕಂಡೆ. ಮಾರನೇ ದಿವ್ಸ ಹಾಲು ಬಂತು. ಆಗ ನಂಬಿಕೆ ಆಯ್ತು. ಸುಮ್ ಸುಮ್ನೆ ಯಾರು ದಿನಾ ಹಾಲು ಕಳಿಸ್ತಾರೆ? ಆಮೇಲೆ ನಿಮ್ ಹಬ್ಬದಾಗೆ ಕೈ ಹಿಡ್ಕಂಡು ಅತ್ರಲ್ಲ, ಅವತ್ತು ನಾನು ಮನೆಗೆ ಹೋಗಿ ರಜಿಷನ ಸರ್ಟಿಫಿಕೇಟು, ಪಾಸ್‌ಬುಕ್ಕು ಎಲ್ಲಾ ಒಂದು ಪೆಟ್ಟಿಗೇಲಿ ಕಟ್ಟಿಟ್ಟೆ. ಗೊತ್ತಿಲ್ದೋರ ನಡುವೆ ಕೋಝಿಕ್ಕೋಡಿನಾಗೆ ಹೋಗಿ ಸಾಯದ್ಕಿಂತ ಇಲ್ಲೇ ಇರಾನ ಅಂದ್ಕಂಡೆ. ನೀವು ಮುಚ್ಚಿಟ್ಕಂಡು ಅಷ್ಟು ಕಷ್ಟ ಪಡ್ತಿದ್ರಿ, ನಿಮ್ ಮುಂದೆ ನಾನೂ ನಗ್ತಾ ಇದ್ದೆ."

ಸುಶೀಲನಿಗೆ ಮರ, ಬೆಂಚು, ಓಡಾಡುವ ಜನ ಎಲ್ಲ ದೂರ ಹೋದಂತಾಯಿತು. ಜಾನು ಹೆದರದಿರಲಿ ಎಂದು ಅವಳು ಒಂದು ಮಾತನ್ನು ಅಡಗಿಸಿಟ್ಟಿದ್ದಳು. ಅಡಗಿಸಿಟ್ಟ ಆ ಜಾಗದಲ್ಲಿ ಜಾನು ಸಾವನ್ನು ಓದಿಕೊಂಡಿದ್ದಳು. ಡಾಕ್ಟರು ಕೊಟ್ಟದ್ದು ಜೀವದ ಸುದ್ದಿ. ದಾಟಿಸುವವಳು ಅದನ್ನು ಹಾಲು ಮಾಡಿ, ಕಣ್ಣೀರು ಮಾಡಿ, ದಿನವೂ ಅರ್ಧ ಲೀಟರು ಸಾವಿನ ಸುದ್ದಿಯನ್ನೇ ಜಾನುವಿನ ಬಾಗಿಲಿಗೆ ಮುಟ್ಟಿಸಿದಳು. ಹನ್ನೊಂದು ತಿಂಗಳು ಈ ಹೆಂಗಸು ಸಾಯುವುದನ್ನು ಒಪ್ಪಿಕೊಂಡು, ಕೊಯ್ಲಿನಲ್ಲಿ ಕೆಳರೆಂಬೆಯಲ್ಲೇ ಕೈಯಾಡಿಸಿ, ತನ್ನನ್ನು ನೋಡಿದಾಗಲೆಲ್ಲ ನಕ್ಕಿದ್ದಾಳೆ. ಆ ನಗುವನ್ನು ನಾನು ತಿಂದಿದ್ದೇನೆ.

ಜಾನು ಸ್ವಲ್ಪ ಹತ್ತಿರ ಸರಿದಳು. ಅವಳ ಕಣ್ಣಲ್ಲಿ ಒಂದು ಬಗೆಯ ಕುತೂಹಲ, ಒಂದಿಷ್ಟು ಜಂಬವೂ ಇತ್ತು. "ಈಗ ಹೇಳಿ ಟೀಚರಮ್ಮ. ಇನ್ನೇನೈತೆ ಮುಚ್ಚದು. ಅವತ್ತು ಆ ಡಾಕ್ಟ್ರು ಎಷ್ಟ್ ದಿವ್ಸ ಅಂದಿದ್ರು? ಆರ್ ತಿಂಗ್ಳಾ? ನಾನು ಅದ್ನ ದಾಟ್ಕಂಡು ಬಂದೀನಿ, ಅಲ್ವಾ?"

ಉತ್ತರ ಸಿದ್ಧವಾಗಿ ಬಂದು ನಿಂತಿತು. ಆರು ತಿಂಗಳು ಅಂದಿದ್ದರು ಕಣೆ, ನೀನು ಗಟ್ಟಿಗಿತ್ತಿ, ದಾಟಿಬಿಟ್ಟೆ. ಇಷ್ಟು ಹೇಳಿದರೆ ಜಾನು ಬಾಯಿಗೆ ಸೆರಗು ಹಿಡಿದು ನಗುತ್ತಾಳೆ, ಕೈ ಒತ್ತುತ್ತಾಳೆ. ಸುಳ್ಳೊಂದು ಇಷ್ಟು ಕರುಣೆಯ ಮುಖ ಹೊತ್ತು ಬಂದದ್ದನ್ನು ಸುಶೀಲ ಹಿಂದೆ ಕಂಡಿರಲಿಲ್ಲ. ನಿಜ ಹೇಳಿ ಈಗ ಯಾರಿಗೇನು ಉಪಕಾರ? ತಪ್ಪಿಹೋದ ಆಯಸ್ಸನ್ನು ತೋರಿಸಿ ಯಾರ ಹೊಟ್ಟೆ ತುಂಬಿಸುವುದು? ಹೇಳದಿರುವುದೇ ದಯೆ ಎಂದು ಅವಳ ಒಳಗಿನ ಟೀಚರ್ ತಿಳಿಹೇಳಿದಳು, ಹನ್ನೊಂದು ತಿಂಗಳಿಂದ ಹೇಳುತ್ತಿದ್ದ ಅದೇ ಮೆಲುದನಿಯಲ್ಲಿ. ಜಾನು ಕಾಯುತ್ತಿದ್ದಳು. ತನ್ನ ಸುದ್ದಿಯನ್ನು ತಾನು ಕೇಳುತ್ತಿದ್ದಳು.

"ದಿವಸ ಹೇಳಿರಲಿಲ್ಲ," ಎಂದಳು ಸುಶೀಲ. ರಜಿಷ ಹೇಳಿದ ಹಾಗೆ ಒಂದೊಂದೇ ವಾಕ್ಯ ಹೇಳಿದಳು. "ಗಂಟು ಚಿಕ್ಕದು ಅಂದರು. ಎಲ್ಲೂ ಹರಡಿದ ಹಾಗಿಲ್ಲ ಅಂದರು. ಎರಡು ವಾರದೊಳಗೆ ಕೋಝಿಕ್ಕೋಡಿಗೆ ಹೋಗಬೇಕು ಅಂದರು. ಈಗಲೇ ಹೋದರೆ ವಾಸಿಯಾಗುತ್ತದೆ ಅಂದರು. ನಿನಗೆ ಚೆನ್ನಾಗಿ ಬಿಡಿಸಿ ಹೇಳು ಅಂತ ನನಗೆ ಹೇಳಿದರು. ನಾನು ಹೇಳಲಿಲ್ಲ."

ಜಾನುವಿನ ಮುಖದಲ್ಲಿ ಅಭ್ಯಾಸದಂತೆ ನಗು ಬರಲು ನೋಡಿತು, ತುಟಿಯ ಒಂದು ಕಡೆ ಎದ್ದಿತು, ಅಲ್ಲೇ ನಿಂತುಹೋಯಿತು. ಆಸ್ಪತ್ರೆಯ ಮೈಕಿನಲ್ಲಿ ಯಾರದೋ ಹೆಸರು ಕರೆದರು. ಆಂಬುಲೆನ್ಸೊಂದು ಗೇಟಿನಲ್ಲಿ ತಿರುಗಲು ಒದ್ದಾಡುತ್ತಿತ್ತು, ಜಾನು ಅದನ್ನೇ ನೋಡುತ್ತಿದ್ದಳು. ಸುಶೀಲ ಅವಳ ಕೈಯ ಮೇಲೆ ಕೈಯಿಡಲು ಹೋದಳು. ಜಾನು ಆ ಕೈಯನ್ನು ಒರಟಾಗಿ ಅಲ್ಲ, ಸೌದೆಯ ಹೊರೆ ಇಳಿಸುವ ಹಾಗೆ, ತೆಗೆದು ಬೆಂಚಿನ ಮೇಲೆ ಇಟ್ಟಳು.

"ನೀವೀಗ ಮನೆಗೆ ಹೋಗಿ ಟೀಚರಮ್ಮ."

"ಜಾನು…"

"ನಂಗೆ ಅಳ್ಬೇಕು. ನಿಮ್ ಮುಂದೆ ಬರಲ್ಲ."

ಸುಶೀಲ ಎದ್ದಳು. ಔಷಧಿಯ ಕಿಟಕಿಯಿಂದ ರಜಿಷ ಪೊಟ್ಟಣ ಹಿಡಿದು ಬರುತ್ತಿದ್ದಳು. ಹತ್ತಿರ ಬಂದು, "ಹೊರಟ್ರಾ ಟೀಚರ್? ಅವ್ವನ ಮೇಲೆ ಕೋಪ ಮಾಡ್ಕಬೇಡಿ. ನೀವು ಅಷ್ಟು ಹೇಳಿದ್ರೂ…" ಎನ್ನತೊಡಗಿದಳು. ಸುಶೀಲ ಅವಳ ಮಾತನ್ನು ಅಲ್ಲೇ ತಡೆದಳು. "ನಿಮ್ಮವ್ವ ಒಳಗೆ ಹೇಳಿದ್ದು ಸುಳ್ಳು, ರಜಿಷ. ನಾನು ಅವಳಿಗೆ ಹೇಳಿರಲೇ ಇಲ್ಲ. ಚೀಟಿಯೂ ಚೀಲದಲ್ಲೇ ಇದೆ." ಇನ್ನೂ ಏನೋ ಹೇಳಬೇಕೆಂದು ಬಾಯಿ ತೆರೆದಳು, ಯಾಕೆ, ಹೇಗೆ, ಏನೆಂದುಕೊಂಡು. ರಜಿಷ ಅವಳನ್ನು ನೋಡುತ್ತ ನಿಂತಿದ್ದಳು. ಅಷ್ಟರಲ್ಲಿ ಹಲಸಿನ ಮರದ ಕಡೆಯಿಂದ ದನಿ ಕೇಳಿಸಿತು, ರಜಿಷ ಪೊಟ್ಟಣ ಎದೆಗೆ ಅವುಚಿಕೊಂಡು ಅತ್ತ ಓಡಿದಳು. ಇಪ್ಪತ್ತೆಂಟು ವರ್ಷದಲ್ಲಿ ಜಾನು ಅಳುವುದನ್ನು ಸುಶೀಲ ಕೇಳಿದ್ದು ಅದೇ ಮೊದಲು.